ಹರಳಿಗೆ ಇಳಿದ ಕಲೆ ಹೋಗುತ್ತಾ? ಒಡವೆ ಮಾಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮನೆಯಲ್ಲೇ ಬೆಳ್ಳಿ ಒಡವೆ ಮತ್ತು ಮಣಿಸರ ಮಾಡುವವಳು. ವಾರಕ್ಕೆ ಒಬ್ಬರಾದರೂ ಫೋಟೋ ಕಳಿಸಿ "ಅಕ್ಕಾ, ಇದು ಹೋಗುತ್ತಾ?" ಅಂತ ಕೇಳುತ್ತಾರೆ. ಅರ್ಧ ಜನ ಕೇಳುವ ಹೊತ್ತಿಗೆ ಏನೋ ಒಂದು ಹಾಕಿ ಉಜ್ಜಿಯೂ ಆಗಿರುತ್ತದೆ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ. ಕಲೆ ತೆಗೆಯೋಕೆ ಹೋಗಿ ಹರಳು ಕಳೆದುಕೊಂಡವರೇ ಜಾಸ್ತಿ, ಅವರಲ್ಲಿ ನಾನೂ ಒಬ್ಬಳು.

ಯಾವ ಹರಳು ಕಲೆ ಹೀರುತ್ತದೆ?

ಫಿರೋಜಾ (ಟರ್ಕಾಯಿಸ್ ಅನ್ನುವ ಆಕಾಶನೀಲಿ ಕಲ್ಲು), ಮುತ್ತು, ಹವಳ, ಕಡುನೀಲಿ ಲಾಪಿಸ್, ಬಿಳಿ ಕಲ್ಲುಗಳಾದ ಹೌಲೈಟ್ ಮತ್ತು ಮ್ಯಾಗ್ನೆಸೈಟ್, ಲಾವಾ ಮಣಿ, ಇಥಿಯೋಪಿಯಾದ ಓಪಲ್. ಇವೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಹೀರುವ ಜಾತಿ. ಹಸಿರು ಪಟ್ಟೆಯ ಮ್ಯಾಲಕೈಟ್ ಅಷ್ಟಾಗಿ ಹೀರುವುದಿಲ್ಲ, ಆದರೆ ಮೆತ್ತಗಿದೆ, ಹುಳಿ ತಾಗಿದರೆ ಮುಗಿಯಿತು. ಅಗೇಟ್ ಗಟ್ಟಿ ಕಲ್ಲು, ಆದರೂ ನಿಧಾನವಾಗಿ ಹೀರುತ್ತದೆ. ಹೀರದೇ ಇದ್ದಿದ್ದರೆ ಅದಕ್ಕೆ ಬಣ್ಣ ಹಾಕುವ ಕಸುಬೇ ಹುಟ್ಟುತ್ತಿರಲಿಲ್ಲ. ಜರ್ಮನಿಯ ಈಡರ್-ಓಬರ್‌ಸ್ಟೈನ್‌ನಲ್ಲಿ 19ನೇ ಶತಮಾನದಿಂದ ಅಗೇಟನ್ನು ಸಕ್ಕರೆ ಪಾಕದಲ್ಲಿ ನೆನೆಹಾಕಿ, ಆಮೇಲೆ ಗಂಧಕಾಮ್ಲಕ್ಕೆ ಹಾಕಿ, ಒಳಗೆ ಇಳಿದ ಸಕ್ಕರೆಯನ್ನು ಇದ್ದಿಲು ಮಾಡಿ ಕಪ್ಪು ಓನಿಕ್ಸ್ ತಯಾರಿಸುತ್ತಿದ್ದರು. ಅಂದರೆ ಬೇಕು ಅಂತ ಹಾಕಿದರೆ ಬಣ್ಣ, ಬೇಡದೆ ಬಿದ್ದರೆ ಕಲೆ. ಇಳಿಯುವ ದಾರಿ ಎರಡಕ್ಕೂ ಒಂದೇ.

ಕೆಂಪು (ಮಾಣಿಕ್ಯ), ನೀಲ, ವಜ್ರ ಇವಕ್ಕೆ ಈ ತಾಪತ್ರಯ ಇಲ್ಲ. ಅವುಗಳ ಮೇಲಿನ ಕೊಳೆ ಸುಮ್ನೆ ಕೊಳೆ, ತೊಳೆದರೆ ಹೋಗುತ್ತದೆ. ಬಿರುಕಿದ್ದರೆ ಮಾತ್ರ ಒಳಗೆ ಸೇರಿಕೊಳ್ಳುತ್ತದೆ. ಪಚ್ಚೆಯದು ಬೇರೆಯೇ ಕಥೆ. ಅದರ ಬಿರುಕುಗಳಿಗೆ ಸಾಮಾನ್ಯವಾಗಿ ಎಣ್ಣೆ ತುಂಬಿರುತ್ತಾರೆ, ಸ್ಪಿರಿಟ್‌ನಲ್ಲಿ ತೊಳೆದು ಆ ಎಣ್ಣೆ ತೆಗೆದುಬಿಟ್ಟರೆ ಅಲ್ಲಿಯವರೆಗೆ ಕಾಣದಿದ್ದ ಬಿರುಕೆಲ್ಲ ಎದ್ದು ಕಾಣುತ್ತದೆ.

ಕಲೆ ಮೇಲಿದೆಯೋ ಒಳಗಿಳಿದಿದೆಯೋ ಹೇಗೆ ತಿಳಿಯುವುದು?

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಒಂದು ಇರಲಿ. ಕಿಟಕಿ ಬೆಳಕಿಗೆ ಹಿಡಿದು ನೋಡಿ. ಮೇಲೆ ಕೂತ ಕಲೆಗೆ ಅಂಚು ಇರುತ್ತದೆ, ಹೊಳಪು ಅಲ್ಲಿಗೆ ನಿಲ್ಲುತ್ತದೆ. ಒಳಗಿಳಿದ ಕಲೆಗೆ ಅಂಚು ಮಸುಕು, ಹರಳಿನ ಹೊಳಪು ಮಾತ್ರ ಹಾಗೇ ಇರುತ್ತದೆ. ಬಟ್ಟೆ ಮೇಲೆ ಎಣ್ಣೆ ಹರಡಿದ ಹಾಗೆ ಕಾಣುತ್ತದೆ. ಇನ್ನೊಂದು ಉಪಾಯ: ಪುಡಿ ಕಲೆ ಅಲ್ಲ ಅಂತ ಖಾತ್ರಿ ಇದ್ದರೆ ಒದ್ದೆ ಇಯರ್‌ಬಡ್ ಒಮ್ಮೆ ಎಳೆದು ನೋಡಿ. ಹತ್ತಿಗೆ ಬಣ್ಣ ಹತ್ತಿದರೆ ಪುಣ್ಯ, ಅರ್ಧ ಕೆಲಸ ಆದಂತೆ. ಹತ್ತದಿದ್ದರೆ ಮುಂದೆ ಓದಿ.

ಹಾಗಾದರೆ ಮೊದಲು ಏನು ಮಾಡಲಿ?

ಏನೂ ಮಾಡಬೇಡಿ. ನಿಜವಾಗಿ. ಕಲೆ ಏನರದು ಅಂತ ಗೊತ್ತಾಗುವವರೆಗೆ ನೀರಿಗೂ ಹಾಕಬೇಡಿ. ಪುಡಿ ಕಲೆ ಒಣಗಿದ್ದಾಗ ಬ್ರಷ್ಷಿಗೆ ಬರುತ್ತದೆ, ನೀರು ಬಿದ್ದರೆ ಕೆಸರಾಗಿ ಒಳಗೆ ಹೋಗುತ್ತದೆ. ಅರಿಶಿನಕ್ಕೆ ಸೋಪು ತಾಗಿದರೆ ಬಣ್ಣವೇ ಬದಲಾಗುತ್ತದೆ. ಎಣ್ಣೆಗೆ ನೀರು ಏನೂ ಮಾಡುವುದಿಲ್ಲ.

ನಾನು ಪಾಲಿಸುವ ಕ್ರಮ ಇದು. ಮೊದಲು ಒಣ ಬ್ರಷ್, ಮೇಕಪ್ಪಿನ ಮೆತ್ತನೆ ಬ್ರಷ್ ಆದರೆ ಒಳ್ಳೆಯದು. ಆಮೇಲೆ ಚಿತ್ರ ಬಿಡಿಸುವವರು ಬಳಸುವ ಹಿಟ್ಟಿನಂಥ ಮಿದು ರಬ್ಬರು, ಅದನ್ನು ಒತ್ತಿ ಎತ್ತಬೇಕು, ಉಜ್ಜಬಾರದು. ಆಮೇಲೆ ನೀರು ಹಿಂಡಿದ ಬಟ್ಟೆ. ಅದಕ್ಕೂ ಬಗ್ಗದಿದ್ದರೆ ಬೇಬಿ ಶಾಂಪೂ ಎರಡು ಹನಿ ಹಾಕಿದ ಉಗುರು ಬೆಚ್ಚಗಿನ ನೀರು. ಸ್ಪಿರಿಟ್, ಅಸಿಟೋನ್ ಇವೆಲ್ಲ ಕೊನೆಗೆ. ಯಾವುದನ್ನೇ ಆಗಲಿ ಹರಳಿನ ಬೆನ್ನಿಗೆ ಅಥವಾ ಮಣಿಯ ತೂತಿನ ಅಂಚಿಗೆ ಹಚ್ಚಿ, ಒಂದು ರಾತ್ರಿ ಬಿಟ್ಟು ನೋಡಿದ ಮೇಲೆಯೇ ಮುಂದಿನ ಮಾತು.

ಪಾಲಿಶ್ ಮಾಡುವಾಗ ಕೆಂಪು ರೂಜ್ ಫಿರೋಜಾದ ಒಳಗೆ ಸೇರಿಕೊಂಡಿದೆ. ಏನು ಮಾಡಲಿ?

ಎಲ್ಲಕ್ಕಿಂತ ಜಾಸ್ತಿ ಬರುವ ಪ್ರಶ್ನೆ ಇದೇ. ರೂಜ್ ಅಂದರೆ ಐರನ್ ಆಕ್ಸೈಡ್, ಒಂಥರಾ ನುಣ್ಣಗಿನ ತುಕ್ಕು. ಅದನ್ನು ಕೊಬ್ಬು ಅಥವಾ ಮೇಣದಲ್ಲಿ ಕಲಸಿ ಗಟ್ಟಿ ಮಾಡಿರುತ್ತಾರೆ. ಬಫ್ (ಪಾಲಿಶ್ ಮಾಡುವ ಬಟ್ಟೆ ಚಕ್ರ) ಬಿಸಿಯಾದಾಗ ಆ ಮೇಣ ಕರಗಿ, ಪುಡಿಯನ್ನು ಹೊತ್ತುಕೊಂಡು ಹರಳಿನ ಸಣ್ಣ ಗುಳಿಗಳಿಗೆ ಇಳಿಯುತ್ತದೆ. ಲೂಪ್‌ನಲ್ಲಿ ನೋಡಿದರೆ ಆಕಾಶದ ಬಣ್ಣದ ಮೇಲೆ ಗುಲಾಬಿ ಚುಕ್ಕಿ ಇಟ್ಟ ಹಾಗೆ, ಬೆಳ್ಳಿಯ ಅಂಚಿಗೆ ಒತ್ತಿಕೊಂಡು ಕೆಂಪು ಗೆರೆ ಎಳೆದ ಹಾಗೆ ಕಾಣುತ್ತದೆ.

ಇಲ್ಲಿ ನಿಜವಾದ ಶತ್ರು ಮೇಣ, ಅದನ್ನು ಸಡಿಲ ಮಾಡಿದರೆ ಪುಡಿ ತಾನೇ ಬರುತ್ತದೆ. ಉಗುರು ಬೆಚ್ಚಗಿನ ಸೋಪು ನೀರನ್ನು ಬ್ರಷ್ಷಿಗೆ ತೆಗೆದುಕೊಂಡು, ಹರಳನ್ನು ನೀರಲ್ಲಿ ಮುಳುಗಿಸದೆ, ವೃತ್ತಾಕಾರವಾಗಿ ಉಜ್ಜದೆ, ಒಂದೇ ದಿಕ್ಕಿಗೆ ಹೊರಗೆ ತಳ್ಳುವ ಹಾಗೆ ಬ್ರಷ್ ಆಡಿಸಿ, ಪ್ರತಿ ಸಲವೂ ಬಿಳಿ ಬಟ್ಟೆಗೆ ಒತ್ತಿ. ಬಟ್ಟೆಗೆ ಗುಲಾಬಿ ಹತ್ತುತ್ತಿರುವಷ್ಟು ಹೊತ್ತು ಮುಂದುವರಿಸಿ, ಹತ್ತುವುದು ನಿಂತ ಮೇಲೆ ನೀವೂ ನಿಲ್ಲಿಸಿ. ಅಂಚಿನ ಗೆರೆಗೆ ಟೂತ್‌ಪಿಕ್ ಸಾಕು. ಸೂಜಿ ಬೇಡ, ವಜ್ರಕ್ಕೆ 10 ಕೊಡುವ ಮೋಸ್ ಅಳತೆಯಲ್ಲಿ ಫಿರೋಜಾದ ಗಡಸುತನ 5ರಿಂದ 6, ಉಕ್ಕು ಗೀರಿಬಿಡಬಹುದು.

ಕಂದು ಗೆರೆಗಳಿರುವ ಫಿರೋಜಾ ಆದರೆ ಸ್ವಲ್ಪ ಉಳಿದರೂ ಯಾರಿಗೂ ಗೊತ್ತಾಗುವುದಿಲ್ಲ, ನನ್ನನ್ನು ಕೇಳಿದರೆ ಬಿಟ್ಟುಬಿಡಿ. ಮುಂದಿನ ಸಲ ಬಿಳಿ ಅಲ್ಯುಮಿನಾ ಪಾಲಿಶ್ ಕಾಂಪೌಂಡ್ ಬಳಸಿ. ಹಸಿರು ಕಾಂಪೌಂಡ್ ಕೂಡ ಬೇಡ, ಅದು ಕ್ರೋಮಿಯಂ ಆಕ್ಸೈಡ್, ಹವಳ ಮತ್ತು ಹೌಲೈಟಿಗೆ ಹತ್ತಿದರೆ ಪಾಚಿ ಹಿಡಿದ ಹಾಗೆ ಕಾಣುತ್ತದೆ. ಕಪ್ಪು ಹರಳಿಗೆ ಇದೇ ಮಾತು ತಿರುವುಮುರುವು: ಲಾವಾ ಮಣಿಯ ತೂತುಗಳಿಗೆ ಬಿಳಿ ಕಾಂಪೌಂಡ್ ತುಂಬಿಕೊಂಡರೆ ತಲೆಹೊಟ್ಟಿನ ಹಾಗೆ ಕಾಣುತ್ತದೆ, ತೆಗೆಯೋಕೆ ಅರ್ಧ ದಿನ ಬೇಕು.

ಎಣ್ಣೆ ಬಿದ್ದು ಹರಳು ಕಪ್ಪಾಗಿದೆ, ಹಸಿರಾಗಿದೆ.

ಹೊಸ ಕಲೆಯೋ ಹಳೆಯದೋ ನೋಡಿ. ಮೆಷಿನ್ ಎಣ್ಣೆ ಈಗ ತಾನೇ ಬಿದ್ದಿದ್ದರೆ ಒಣ ಟಾಲ್ಕಂ ಪೌಡರಿನಲ್ಲಿ ಹರಳನ್ನು ಹೂತು ರಾತ್ರಿಯಿಡೀ ಬಿಡಿ. ಬೆಳಗ್ಗೆ ಪೌಡರ್ ಗಂಟು ಕಟ್ಟಿದ್ದರೆ ಎಣ್ಣೆ ಬಂದಿದೆ ಅಂತ ಅರ್ಥ. ಹೊಸ ಪೌಡರ್ ಹಾಕಿ ಇನ್ನೊಂದು ರಾತ್ರಿ.

ಅದಕ್ಕೂ ಬರದಿದ್ದರೆ ಪಟ್ಟು ಹಾಕಬೇಕು. ಅಜ್ಜಿ ತಲೆನೋವಿಗೆ ಶುಂಠಿ ಪಟ್ಟು ಹಾಕುತ್ತಿದ್ದರಲ್ಲ, ಅದೇ ಥರ. ಬಿಳಿ ಚೈನಾ ಕ್ಲೇ ಪುಡಿಯನ್ನು ಸ್ವಲ್ಪ ಅಸಿಟೋನ್‌ನಲ್ಲಿ ದೋಸೆ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ, ಕಲೆಯ ಮೇಲೆ ನಾಲ್ಕೈದು ಮಿಲಿಮೀಟರ್ ದಪ್ಪಕ್ಕೆ ಮೆತ್ತಿ, ಬೇಗ ಆರದಂತೆ ಪ್ಲಾಸ್ಟಿಕ್ ಹಾಳೆ ಮುಚ್ಚಿ. ಒಂದು ಗಂಟೆ ಬಿಟ್ಟು ಹಾಳೆ ತೆಗೆದು ಪೂರ್ತಿ ಒಣಗಲು ಬಿಡಿ. ಎಣ್ಣೆಯನ್ನು ಅಸಿಟೋನ್ ಕರಗಿಸುತ್ತದೆ, ಅದು ಆರುತ್ತಾ ಆರುತ್ತಾ ಎಣ್ಣೆಯನ್ನು ಜೇಡಿಗೆ ಎಳೆದು ತರುತ್ತದೆ. ಮುಲ್ತಾನಿ ಮಿಟ್ಟಿ ಆಗುತ್ತಾ ಅಂತ ಕೇಳುತ್ತಾರೆ. ಎಣ್ಣೆ ಚೆನ್ನಾಗಿ ಹೀರುತ್ತದೆ ನಿಜ, ಆದರೆ ಅದಕ್ಕೇ ಒಂದು ಹಳದಿ ಬಣ್ಣ ಇದೆ. ಬಿಳಿ ಹರಳಿಗೆ ಬೇಡ.

ಒಂದು ಎಚ್ಚರಿಕೆ. ಮಾರುಕಟ್ಟೆಯಲ್ಲಿ ಸಿಗುವ ಬಹುಪಾಲು ಫಿರೋಜಾಕ್ಕೆ ರೆಸಿನ್ (ಪ್ಲಾಸ್ಟಿಕ್‌ನಂತೆ ಗಟ್ಟಿಯಾಗುವ ಅಂಟು) ತುಂಬಿ ಗಟ್ಟಿ ಮಾಡಿರುತ್ತಾರೆ, ಅಸಿಟೋನ್ ಆ ರೆಸಿನ್ನನ್ನೇ ಮಂಕು ಮಾಡಬಹುದು. ಬೆನ್ನಿನ ಮೇಲೆ ಪರೀಕ್ಷೆ ಮಾಡದೆ ಮುಂದೆ ಹೋಗಬೇಡಿ. ಮತ್ತೆ ಅಸಿಟೋನ್ ಬೆಂಕಿಗೆ ಥಟ್ಟನೆ ಹತ್ತಿಕೊಳ್ಳುತ್ತದೆ. ಬೆಸುಗೆ ಹಾಕುವ ಮೇಜಿನ ಪಕ್ಕ ಅದರ ಬಾಟಲಿ ಇಟ್ಟುಕೊಂಡವರ ಫೋಟೋ ನೋಡಿ ನನಗೇ ಬೆವರು ಬಂದಿದೆ.

ವರ್ಷಗಟ್ಟಲೆ ಮೈಗೆ ತಾಗಿ ಹಸಿರು ತಿರುಗಿದ ಹಳೇ ಫಿರೋಜಾ ಪೂರ್ತಿ ನೀಲಿ ಆಗುವುದಿಲ್ಲ. ಅದಕ್ಕೆ ಪಟ್ಟು ಹಾಕಿ ಸಮಯ ಹಾಳು ಮಾಡಬೇಡಿ.

ಮುತ್ತಿಗೆ ಅರಿಶಿನ ಹತ್ತಿದೆ. ಸೋಪು ಹಾಕಿದೆ, ಕೆಂಪಾಗಿಬಿಟ್ಟಿದೆ!

ಗಾಬರಿ ಬೇಡ. ಮೊದಲ ಸಲ ಇದಾದಾಗ ನನ್ನ ಕೈಕಾಲು ತಣ್ಣಗಾಗಿತ್ತು. ಮದುವೆ ಮನೆಯಿಂದ ಬಂದ ಎರಡೆಳೆ ಸರ, ಮತ್ತೆ ಪೋಣಿಸಿ ಕೊಡಬೇಕಿತ್ತು. ಕೊಕ್ಕೆಯ ಪಕ್ಕದ ಏಳೆಂಟು ಮುತ್ತು ಹಳದಿಯಾಗಿದ್ದವು. ಬಟ್ಟೆ ಸೋಪಿನ ನೀರಿನಲ್ಲಿ ಇಯರ್‌ಬಡ್ ಅದ್ದಿ ಸವರಿದೆ. ಕಣ್ಣೆದುರೇ ಇಟ್ಟಿಗೆ ಬಣ್ಣ! ಆಮೇಲೆ ಹೊಳೆಯಿತು, ಆರತಿ ತಟ್ಟೆಯಲ್ಲಿ ಅರಿಶಿನ ನೀರಿಗೆ ಸುಣ್ಣ ಹಾಕಿದಾಗ ಆಗುವುದು ಇದೇ ಅಲ್ವಾ? ಅರಿಶಿನದ ಕರ್ಕ್ಯುಮಿನ್‌ಗೆ ಕ್ಷಾರ ತಾಗಿದರೆ ಕೆಂಪು. ಬರೀ ನೀರಿನಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ನಾಲ್ಕು ಸಲ ಒರೆಸಿದ ಮೇಲೆ ಮತ್ತೆ ಹಳದಿಗೆ ತಿರುಗಿತು.

ಈ ಕರ್ಕ್ಯುಮಿನ್‌ಗೆ ಬಿಸಿಲು ಆಗುವುದಿಲ್ಲ, ಬೆಳಕಿಗೆ ಅದು ಮುರಿಯುತ್ತದೆ. ಬಿಳಿ ಪಂಚೆಗೆ ಹತ್ತಿದ ಅರಿಶಿನ ಎರಡು ಬಿಸಿಲಿಗೆ ಮಾಯ ಆಗುವುದು ಅದಕ್ಕೇ. ಮುತ್ತಿಗೂ ಅದೇ ಮದ್ದು. ಬೆಳಗಿನ ಎಳೆಬಿಸಿಲಿಗೆ ದಿನಕ್ಕೆ ಅರ್ಧ ಗಂಟೆ, ಐದಾರು ದಿನ. ಮಧ್ಯಾಹ್ನದ ಸುಡುಬಿಸಿಲು ಬೇಡ, ಮುತ್ತಿನಲ್ಲಿರುವ ತೇವ ಆರಿ ಬಿರುಕು ಬರಬಹುದು. ಬಣ್ಣ ಹಾಕಿದ ಮುತ್ತಾದರೆ ಬಿಸಿಲೂ ಬೇಡ.

ಇನ್ನೂ ಉಳಿದರೆ ಹೈಡ್ರೋಜನ್ ಪೆರಾಕ್ಸೈಡ್. ಮುತ್ತಿನ ಉದ್ಯಮದವರೇ ಇದರಲ್ಲಿ ಬ್ಲೀಚ್ ಮಾಡುತ್ತಾರೆ. ನಮ್ಮ ಮೆಡಿಕಲ್ ಶಾಪ್‌ನಲ್ಲಿ ಸಿಗುವುದು ಸಾಮಾನ್ಯವಾಗಿ 6 ಪರ್ಸೆಂಟಿನದು, ಅದಕ್ಕೆ ಅಷ್ಟೇ ಡಿಸ್ಟಿಲ್ಡ್ ವಾಟರ್ ಸೇರಿಸಿ. ದಾರದಿಂದ ಬಿಚ್ಚಿದ, ಬಿಳಿ ಮುತ್ತಿಗೆ ಮಾತ್ರ. ಹತ್ತಿಯಲ್ಲಿ ಅದ್ದಿ ಕಲೆ ಇರುವ ಕಡೆ ಹತ್ತು ನಿಮಿಷ ಇಟ್ಟು, ಒರೆಸಿ, ನೋಡಿ.

ಹುಣಸೆಹಣ್ಣು, ಅಂಟುವಾಳ ನಮ್ಮ ಕಡೆ ಹಿಂದಿನಿಂದ ಬಳಸುತ್ತಾರಲ್ಲ?

ಚಿನ್ನಕ್ಕೆ, ಬೆಳ್ಳಿಗೆ ಬಳಸುತ್ತಾರೆ. ನಮ್ಮ ಬೀದಿಯ ಆಚಾರ್ರು ಈಗಲೂ ಅಂಟುವಾಳದ ನೊರೆಯಲ್ಲೇ ಒಡವೆ ತೊಳೆದು ಕೊಡುತ್ತಾರೆ, ಅದರ ಹೊಳಪೇ ಬೇರೆ. ಆದರೆ ಅವರು ಮುತ್ತು, ಹವಳ ಇದ್ದರೆ ಪಕ್ಕಕ್ಕೆ ಎತ್ತಿಡುತ್ತಾರೆ. ಅದನ್ನು ನಾನು ಗಮನಿಸಿರಲಿಲ್ಲ.

ಹಬ್ಬದ ಹಿಂದಿನ ದಿನ ಅಮ್ಮ ದೀಪದ ಕಂಬ ತಿಕ್ಕಲು ಹುಣಸೆಹಣ್ಣು ಕಿವುಚಿಟ್ಟಿದ್ದರು. ನನ್ನ ಬೆಳ್ಳಿ ಓಲೆ ಕಪ್ಪಾಗಿತ್ತು, ಹವಳ ಕೂರಿಸಿದ್ದು. ಇದರಲ್ಲೇ ಅದ್ದಿಡೋಣ ಅಂತ ಹಾಕಿ ಮರೆತೆ. ಸಂಜೆ ತೆಗೆದಾಗ ಬೆಳ್ಳಿ ಫಳಫಳ, ಹವಳ ಮಾತ್ರ ಸೀಮೆಸುಣ್ಣ. ಉಗುರಿನಿಂದ ಕೆರೆದರೆ ಗುಲಾಬಿ ಪುಡಿ ಬರುತ್ತಿತ್ತು. ಮುತ್ತು, ಹವಳ ಎರಡೂ ಮೂಲತಃ ಕ್ಯಾಲ್ಸಿಯಂ ಕಾರ್ಬೊನೇಟ್, ಸುಣ್ಣದ ಕಲ್ಲಿನದೇ ಬಳಗ, ಹುಳಿಗೆ ಕರಗುತ್ತವೆ. ಮ್ಯಾಲಕೈಟ್, ಲಾಪಿಸ್ ಒಳಗಿನ ಬಿಳಿ ಗೆರೆ, ಇವಕ್ಕೂ ಅದೇ ಗತಿ. ನಿಂಬೆಹಣ್ಣು, ವಿನೆಗರ್, ಬೆಳ್ಳಿ ತೊಳೆಯುವ ರೆಡಿಮೇಡ್ ದ್ರಾವಣ ಎಲ್ಲವೂ ಒಂದೇ ಲೆಕ್ಕ. ಟೂತ್‌ಪೇಸ್ಟ್ ಕೂಡ ಬೇಡ, ಅದರಲ್ಲಿರುವ ಪುಡಿ ಮುತ್ತನ್ನು ಗೀರುತ್ತದೆ.

ಹರಳು ಕೂರಿಸಿದ ಮೇಲೆ ಬೆಸುಗೆ ಹಾಕಿ, ಬೆಸುಗೆಯ ಕಪ್ಪು ತೆಗೆಯುವ ಆಸಿಡ್ ನೀರಿಗೂ ಹಾಕಿಬಿಟ್ಟೆ.

ತಕ್ಷಣ ತೆಗೆದು ಧಾರೆ ನೀರಲ್ಲಿ ತೊಳೆದು, ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ಅದರಲ್ಲಿ ಕೆಲವು ನಿಮಿಷ ಇಡಿ, ಆಮೇಲೆ ಬರೀ ನೀರು. ಹೀರುವ ಹರಳಾದ್ದರಿಂದ ಒಳಗೆ ಉಳಿದ ಆಸಿಡ್ ದಿನಗಳ ನಂತರವೂ ಹೊರಬಂದು ಅಂಚಿನ ಲೋಹವನ್ನು ಹಸಿರು ಮಾಡುತ್ತದೆ, ಅದಕ್ಕೇ ಸೋಡಾ. ಬಣ್ಣ ಹೋಗಿದ್ದರೆ ಅದು ಕಲೆ ಅಲ್ಲ, ಸುಟ್ಟ ಗಾಯ. ತೆಗೆಯೋಕೆ ಏನೂ ಇಲ್ಲ.

ಅರಗು, ಅಂಟು ಮೆತ್ತಿಕೊಂಡಿದ್ದರೆ?

ಅರಗು ಸ್ಪಿರಿಟ್‌ಗೆ ಕರಗುತ್ತದೆ. ಆದರೆ ಕರಗಿದ ಅರಗು ಕಂದು ನೀರಾಗಿ ತೂತುಗಳಿಗೆ ಇಳಿಯುವುದೇ ಅಪಾಯ. ಆದ್ದರಿಂದ ಮೊದಲು ಒಡವೆಯನ್ನು ಫ್ರಿಜ್‌ನಲ್ಲಿ ಸ್ವಲ್ಪ ಹೊತ್ತು ತಣ್ಣಗೆ ಮಾಡಿ, ಗಟ್ಟಿಯಾದ ಅರಗನ್ನು ಬಿದಿರು ಕಡ್ಡಿಯಿಂದ ಸಿಡಿಸಿ ತೆಗೆಯಿರಿ. ಉಳಿದ ಪೊರೆಗೆ ಮಾತ್ರ ಸ್ಪಿರಿಟ್, ಅದೂ ಹಿಂಡಿದ ಇಯರ್‌ಬಡ್‌ನಲ್ಲಿ. ಓಪಲ್ಲನ್ನು ಫ್ರಿಜ್‌ಗೆ ಇಡಬೇಡಿ, ತಾಪ ಥಟ್ಟನೆ ಬದಲಾದರೆ ಬಿರಿಯುತ್ತದೆ. ಅಂಬರ್‌ಗೆ ಸ್ಪಿರಿಟ್ ತಾಗಿಸಲೇಬೇಡಿ, ಮೇಲ್ಮೈ ಅಂಟಂಟಾಗುತ್ತದೆ.

ಸೂಪರ್ ಗ್ಲೂ ಅಸಿಟೋನ್‌ಗೆ ನಿಧಾನವಾಗಿ ಮೆತ್ತಗಾಗುತ್ತದೆ. ಎರಡು ಟ್ಯೂಬ್ ಕಲಸಿ ಹಚ್ಚುವ ಎಪಾಕ್ಸಿ ಅಂಟನ್ನು ಪೂರ್ತಿ ಗಟ್ಟಿಯಾಗುವ ಮೊದಲು, ರಬ್ಬರಿನ ಹಾಗೆ ಇರುವಾಗ, ಬ್ಲೇಡಿನ ಅಂಚಿನಿಂದ ಎಬ್ಬಿಸಿದರೆ ಸಿಪ್ಪೆ ಬಂದ ಹಾಗೆ ಬರುತ್ತದೆ. ಒಳಗಿಳಿದು ಗಟ್ಟಿಯಾದ ಎಪಾಕ್ಸಿ ಹೋಗುವುದಿಲ್ಲ.

ಮಣಿಯ ತೂತಿನ ಸುತ್ತ ಹಸಿರು, ಇಲ್ಲವೇ ಕಂದು ಉಂಗುರ ಕಾಣುತ್ತಿದೆ.

ಹಸಿರು ಅಂದರೆ ತಾಮ್ರ ಅಥವಾ ಹಿತ್ತಾಳೆ ತಂತಿಯ ಕಿಲುಬು, ಬೆವರು ಸೇರಿ ಆಗಿದ್ದು. ಕಂದು ಅಂದರೆ ಕಬ್ಬಿಣದ ತುಕ್ಕು. ತಂತಿ ಬದಲಾಯಿಸದೆ ಕಲೆ ತೆಗೆದು ಪ್ರಯೋಜನವಿಲ್ಲ, ಎರಡೇ ತಿಂಗಳಲ್ಲಿ ವಾಪಸ್ ಬರುತ್ತದೆ. ಹೊಸದಾಗಿದ್ದರೆ ಕಿಲುಬು ಪುಡಿ ರೂಪದಲ್ಲಿರುತ್ತದೆ, ದಾರಕ್ಕೆ ಸೋಪು ನೀರು ಸವರಿ ತೂತಿನಲ್ಲಿ ಹಿಂದೆ ಮುಂದೆ ಎಳೆದರೆ ಬರುತ್ತದೆ.

ಅಗೇಟ್, ಸ್ಫಟಿಕಕ್ಕೆ ಹತ್ತಿದ ತುಕ್ಕಿಗೆ ಕಲ್ಲು ಸಂಗ್ರಹಿಸುವವರು ಆಕ್ಸಾಲಿಕ್ ಆಸಿಡ್ ಬಳಸುತ್ತಾರೆ. ಕೆಲಸ ಮಾಡುತ್ತದೆ. ಆದರೆ ಅದು ವಿಷ. ಗ್ಲೌಸ್ ಬೇಕು, ಅಡುಗೆಮನೆ ಪಾತ್ರೆ ಬೇಡ, ಮಕ್ಕಳಿರುವ ಮನೆಯಲ್ಲಂತೂ ನಾನು ಹೇಳುವುದೇ ಇಲ್ಲ. ಮುತ್ತು, ಹವಳ, ಫಿರೋಜಾಕ್ಕೆ ಹಾಕುವ ಯೋಚನೆಯೂ ಬೇಡ.

ಇಥಿಯೋಪಿಯಾ ಓಪಲ್ ನೀರಿಗೆ ಬಿದ್ದು ಗಾಜಿನ ಹಾಗಾಗಿದೆ. ಹಾಳಾಯ್ತಾ?

ಇಲ್ಲ. 2008ರಿಂದ ಈಚೆಗೆ ವೆಲೋ ಪ್ರದೇಶದಿಂದ ಬರುತ್ತಿರುವ ಓಪಲ್‌ಗಳು ಸ್ಪಂಜಿನ ಹಾಗೆ ನೀರು ಕುಡಿಯುತ್ತವೆ. ಕುಡಿದಾಗ ಪಾರದರ್ಶಕವಾಗಿ ಒಳಗಿನ ಬಣ್ಣದಾಟ ಮಾಯವಾಗುತ್ತದೆ, ಆರಿದ ಮೇಲೆ ಹಿಂದಿನ ಹಾಗೆ. ಕೆಲವಕ್ಕೆ ಒಂದು ದಿನ, ಕೆಲವಕ್ಕೆ ವಾರ. ಬಟ್ಟೆಯಲ್ಲಿ ಸುತ್ತಿ ನೆರಳಲ್ಲಿಡಿ. ಹೇರ್ ಡ್ರೈಯರ್ ಹಿಡಿದರೆ ಬಿರುಕು ಗ್ಯಾರಂಟಿ.

ಕುಡಿದ ನೀರೇ ಕೊಳಕಾಗಿದ್ದರೆ ತೊಂದರೆ. ಟೀ, ಬಣ್ಣದ ನೀರು, ಪಾತ್ರೆ ತೊಳೆದ ನೀರು, ಎಲ್ಲವೂ ಒಳಗೆ ಉಳಿಯುತ್ತದೆ. ಡಿಸ್ಟಿಲ್ಡ್ ವಾಟರ್‌ನಲ್ಲಿ ಹಾಕಿ ದಿನಕ್ಕೊಮ್ಮೆ ನೀರು ಬದಲಿಸುತ್ತಾ ನಾಲ್ಕೈದು ದಿನ ಬಿಡಿ, ಒಳಗಿನದು ಸ್ವಲ್ಪ ಸ್ವಲ್ಪವೇ ಹೊರಬರುತ್ತದೆ. ತಾಳ್ಮೆ ಇಲ್ಲದವರು ಈ ಹರಳು ಕೊಳ್ಳಬೇಡಿ ಅಂತಲೇ ನಾನು ಹೇಳೋದು. ಎರಡು ಮೂರು ಪದರ ಅಂಟಿಸಿ ಮಾಡಿದ ಓಪಲ್ ಇದ್ದರೆ ಮಾತ್ರ ನೆನೆಹಾಕಬೇಡಿ, ಅಂಟಿನ ಪದರ ಮಂಜಾಗುತ್ತದೆ.

ಒರೆಸಿದಷ್ಟೂ ನೀಲಿ ಬರುತ್ತಲೇ ಇದೆ.

ಅದು ಕಲೆ ಅಲ್ಲ ಮಾರಾಯ್ರೇ, ಹರಳಿನ ಬಣ್ಣವೇ. ಬಿಳಿ ಹೌಲೈಟ್‌ಗೆ ನೀಲಿ ಬಣ್ಣ ಹಾಕಿ ಫಿರೋಜಾ ಅಂತ ಮಾರುವುದು ಹಳೇ ಆಟ. ಅಸಿಟೋನ್ ಅದ್ದಿದ ಇಯರ್‌ಬಡ್ ತೂತಿನ ಬಳಿ ಒತ್ತಿದರೆ ನೀಲಿ ಹತ್ತುತ್ತದೆ. ಮಣಿ ಕೊಳ್ಳುವಾಗ ನಾನು ಒಂದೆರಡು ಮಣಿಗೆ ಅಂಗಡಿಯಲ್ಲೇ ಹೀಗೆ ಮಾಡುತ್ತೇನೆ, ಕೆಲವರು ಮುಖ ಸಿಂಡರಿಸುತ್ತಾರೆ, ಇರಲಿ.

ಅಲ್ಟ್ರಾಸಾನಿಕ್ ಮೆಷಿನ್‌ನಲ್ಲಿ ತೊಳೆಯಬಹುದಾ? ಸ್ಟೀಮ್?

ಹೀರುವ ಯಾವ ಹರಳಿಗೂ ಬೇಡ.

ಬೆಳ್ಳಿಗೆ ಆಕ್ಸಿಡೈಸ್ (ಬೇಕಂತಲೇ ಕಪ್ಪು) ಮಾಡುವಾಗ ಹರಳೂ ಕಪ್ಪಾಯ್ತು.

ಗಂಧಕದ ದ್ರಾವಣ ಬೆಳ್ಳಿಯನ್ನು ಕಪ್ಪು ಮಾಡುವ ಹಾಗೆಯೇ ಫಿರೋಜಾ, ಮ್ಯಾಲಕೈಟ್ ಒಳಗಿನ ತಾಮ್ರವನ್ನೂ ಕಪ್ಪು ಮಾಡುತ್ತದೆ. ಕಪ್ಪು ಮೇಲೆ ಬಂದು ಕೂತಿದ್ದಲ್ಲ, ಹರಳಿನದೇ ಅಂಶ ಬದಲಾಗಿದ್ದು. ಸಾಣೆ ಹಿಡಿದು ಆ ಪದರ ತೆಗೆಯುವುದೊಂದೇ ದಾರಿ.

ಹಿಂದೆ ಮುಚ್ಚಿರುವ ಹಳೇ ಕೆಂಪಿನ ಓಲೆಯಲ್ಲಿ ಹರಳು ಕಪ್ಪಾಗಿ ಕಾಣುತ್ತದೆ.

ಅಲ್ಲಿ ಕಪ್ಪಾಗಿದ್ದು ಹರಳಲ್ಲ, ಅದರ ಅಡಿಯ ತಗಡು. ಕುಂದಣದ ಕೆಲಸದಲ್ಲಿ ಹರಳಿನ ಕೆಳಗೆ ಹೊಳೆಯುವ ತಗಡು ಇಟ್ಟಿರುತ್ತಾರೆ, ನೀರು ಒಳಗೆ ಹೋದರೆ ಅದು ಮಂಕಾಗುತ್ತದೆ. ಹೊರಗಿನಿಂದ ಏನು ಮಾಡಿದರೂ ಇನ್ನಷ್ಟು ನೀರು ಒಳಗೆ ಹೋಗುತ್ತದೆ ಅಷ್ಟೇ. ಕುಂದಣ ಬಲ್ಲ ಅಕ್ಕಸಾಲಿಗರ ಹತ್ತಿರ ಹೋಗಿ. ಬೆಂಗಳೂರಿನವರಿಗೆ ನಗರ್ತಪೇಟೆ ಕಡೆ ಹುಡುಕಿದರೆ ಇನ್ನೂ ಸಿಗುತ್ತಾರೆ.

ಏನು ಮಾಡಿದರೂ ಹೋಗಲಿಲ್ಲ. ಸಾಣೆ ಹಿಡಿಯಲಾ?

ಕಲೆ ಅರ್ಧ ಮಿಲಿಮೀಟರಿಗಿಂತ ಕಮ್ಮಿ ಇಳಿದಿದ್ದರೆ ಹಿಡಿಯಬಹುದು. ಹರಳು ಬಿಚ್ಚಿ, ನೀರು ಹಾಕುತ್ತಾ 600, 1200, 3000 ನಂಬರಿನ ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ, ಕೊನೆಗೆ ಚರ್ಮದ ಮೇಲೆ ಬಿಳಿ ಪಾಲಿಶ್. ಮ್ಯಾಲಕೈಟ್ ಧೂಳು ಒಳ್ಳೆಯದಲ್ಲ, ಒಣಗಿಸಿ ಉಜ್ಜಬೇಡಿ, ಮಾಸ್ಕ್ ಹಾಕಿ. ಮುತ್ತಿಗೆ ಇದು ಅನ್ವಯಿಸುವುದಿಲ್ಲ, ಪದರ ಹೋದರೆ ಮುತ್ತೇ ಹೋದಂತೆ.

ಮೊದಲೇ ಕಲೆಯಾಗದ ಹಾಗೆ ಮಾಡುವುದು ಹೇಗೆ?

ಬೆಸುಗೆ, ಆಸಿಡ್, ಆಕ್ಸಿಡೈಸ್, ಪಾಲಿಶ್ ಎಲ್ಲ ಮುಗಿಸಿ, ಲೋಹ ತೊಳೆದು ಒಣಗಿಸಿ, ಕೈ ತೊಳೆದುಕೊಂಡು, ಆಮೇಲೆ ಹರಳು ಕೂರಿಸಿ. ಕೂರಿಸಿದ ಮೇಲೆ ಅಂಚಿಗೆ ಕೈಯಿಂದಲೇ ಮೆರುಗು ಕೊಡಿ, ಮೋಟರ್ ಬೇಡ. ಬೇಕೇ ಬೇಕೆಂದರೆ ಹರಳಿನ ಮೇಲೆ ಟೇಪ್ ಅಂಟಿಸಿ. ರೆಸಿನ್ ಹಾಕದ ಫಿರೋಜಾಕ್ಕೆ ಕೂರಿಸುವ ಮೊದಲು ಒಂದು ಕೈ ಮೈಕ್ರೋಕ್ರಿಸ್ಟಲಿನ್ ಮೇಣ ತೀಡಿ ಒರೆಸಿದರೆ ತೂತುಗಳು ಮುಚ್ಚಿಕೊಳ್ಳುತ್ತವೆ. ಜೇನುಮೇಣವೂ ಆಗುತ್ತದೆ, ಸ್ವಲ್ಪ ಹಳದಿ ಛಾಯೆ ಬರುತ್ತದೆ ಅಷ್ಟೇ.

ಗಿರಾಕಿಯ ಹಳೇ ಹರಳಿನ ಕಲೆ ತೆಗೆಯಲು ಒಪ್ಪಿಕೊಳ್ಳಬೇಕಾ?

ನಾನು ಹಗಲು ಬೆಳಕಿನಲ್ಲಿ ಎದುರಿಗೇ ನಾಲ್ಕು ಫೋಟೋ ತೆಗೆದು, "ಪೂರ್ತಿ ಹೋಗದೇ ಇರಬಹುದು, ಇನ್ನೂ ಕೆಡಬಹುದು" ಅಂತ ವಾಟ್ಸಾಪ್‌ನಲ್ಲಿ ಬರೆದು, ಅವರು "ಸರಿ" ಅಂತ ಉತ್ತರಿಸಿದ ಮೇಲೆಯೇ ಕೈ ಹಾಕುತ್ತೇನೆ. ತಾಳಿಸರದ ಹವಳ, ಮುತ್ತು ತಂದರೆ ಮಾತ್ರ ಒಪ್ಪುವುದಿಲ್ಲ. ಒರೆಸಿ, ಹೊಸ ದಾರಕ್ಕೆ ಪೋಣಿಸಿ ಕೊಡುತ್ತೇನೆ. ಅರಿಶಿನ ಹಾಗೇ ಇರುತ್ತದೆ, ಅದಕ್ಕೆ ಈವರೆಗೆ ಯಾರೂ ತಕರಾರು ಮಾಡಿಲ್ಲ.